ಹಕಾರ ಬಿದ್ದುಹೋದ ಹಾಡು

ಮಂಡ್ಯದ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ನಾನು ಸಹಾಯಕಿ. ನಮ್ಮ ಮೇಡಂ ಮಣ್ಣಿನ ವಿಜ್ಞಾನಿ, ಸಂಜೆ ಐದೂವರೆಯ ಮೇಲೆ ಸಂಗೀತ ಬರೆಯುವವರು. ಅವರು ಒಪೆರಾ ಬರೆದಿದ್ದಾರೆ, ಎಂದರೆ ಮಾತೆಲ್ಲ ಹಾಡಾಗಿರುವ ನಾಟಕ, ಅದರಲ್ಲಿ ನಾನೂ ಹಾಡಬೇಕು ಎಂದಾಗ ಆತಗೂರಿನ ನಮ್ಮ ದೊಡ್ಡಮ್ಮ ಗಾಬರಿಯಾಗಿ, "ಯಾರ್ಗೆ ಕಣಮ್ಮ ಆಪ್ರೇಸನ್ನು?" ಎಂದು ಕೇಳಿದಳು.

ಮೇಡಂ ಕೆಲಸ ಮಾಡುವ ರೀತಿ ನೋಡಿ ನಾನು ಬೆರಗಾಗಿದ್ದು ಒಂದೆರಡು ಸಲವಲ್ಲ. ಗಾಜಿನ ಕೊಳವೆಗಳಲ್ಲಿ ಮಣ್ಣು ತುಂಬಿ, ಮೇಲಿಂದ ನೀರು ಹುಯ್ದು, ಕೆಳಗೆ ಹನಿ ಬೀಳುವ ಹೊತ್ತನ್ನು ಗುರುತು ಹಾಕುವುದು ನನ್ನ ದಿನದ ಕೆಲಸ. ಮಳವಳ್ಳಿ ಕಡೆಯ ಕೆಂಪು ಮಣ್ಣಿನಿಂದ ಹನಿ ಟಪಟಪ ಬೀಳುತ್ತದೆ. ಮದ್ದೂರಿನ ನಾಲೆ ಬದಿಯ ಚೌಳು ಮಣ್ಣು, ಉಪ್ಪು ಕೂತು ಬೆಳೆ ಬಾರದ್ದು, ಒಂದು ಹನಿ ಬಿಡುವಷ್ಟರಲ್ಲಿ ನಾನು ಟೀ ಕುಡಿದು ಬರಬಹುದು. ಎಷ್ಟೋ ವರ್ಷ ಆ ಅಂತರಗಳನ್ನು ಬರೀ ಅಂಕಿಯಾಗಿ ಬರೆದಿಟ್ಟೆ. ಮೇಡಂ ಅದೇ ಪುಸ್ತಕ ಮನೆಗೆ ಒಯ್ದು ತಾಳ ಮಾಡಿಕೊಂಡು ಬಂದರು. ಮೃದಂಗದವರು ಮೊದಲ ಸಲ ನುಡಿಸಿದಾಗ, "ಇದು ಮಳವಳ್ಳಿ" ಎಂದು ನನ್ನ ಬಾಯಿಂದ ತಾನಾಗಿ ಬಂತು.

ಕಥೆ ಸರಳ. ಚೌಳಾಗಿ ಮೂಕಾದ ಮಣ್ಣನ್ನು ಒಬ್ಬ ಹೆಂಗಸು ಎಬ್ಬಿಸುತ್ತಾಳೆ. "ಹಾಡು ಮಣ್ಣೇ, ಹಾಡು" ಎಂಬ ಸಾಲು ನನ್ನದು. ಮೈಸೂರಿನಿಂದ ಬಂದ ಹನ್ನೆರಡು ಮಂದಿ ಕಲಿತ ಗಾಯಕರು ನನ್ನ ಹಿಂದೆ ಅದನ್ನೇ ಹಾಡಬೇಕು. ಆ ಸಾಲು ನನ್ನ ಕೈತಪ್ಪಿದರೆ ಜೀವ ಹೋದಂತೆ ಎನಿಸುತ್ತಿತ್ತು. ಆದರೆ ನನ್ನ ನಾಲಿಗೆಯ ಮೇಲೆ ಹಕಾರ ನಿಲ್ಲುವುದಿಲ್ಲ. ಶಾಲೆಯಲ್ಲಿ ಇದೇ ಕಾರಣಕ್ಕೆ ನನಗೆ ಪದ್ಯ ಹೇಳಲು ಬಿಡುತ್ತಿರಲಿಲ್ಲ. ಆಫೀಸಿನಲ್ಲಿ ಎಚ್ಚರ ವಹಿಸಿ ವಹಿಸಿ, ಒಮ್ಮೆ ಮಣ್ಣಿನ ಚೀಟಿಯ ಮೇಲೆ 'ಆಲದಮರದ ಹೊಲ' ಎನ್ನುವುದನ್ನು 'ಹಾಲದಮರದ ಹೊಲ' ಎಂದು ಬರೆದು ಎಲ್ಲರ ಬಾಯಿಗೆ ಬಿದ್ದಿದ್ದೆ.

ತಾಲೀಮಿನಲ್ಲೂ ಅದೇ ಆಯಿತು. 'ಹಾಡು' ಎನ್ನಲು ಹೋದರೆ 'ಆಡು' ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆರನೇ ಸಲಕ್ಕೆ ನನಗೆ ರೇಗಿಹೋಯಿತು.

"ಬುಡಿ ಮೇಡಂ, ಬ್ಯಾರೆಯವ್ರಿಗೆ ಕೊಡಿ. ಇದು ನನ್ ಕೈಲಾಗಾಕಿಲ್ಲ," ಎಂದೆ. ಅಳು ಬರುತ್ತಿತ್ತು.

"ಇನ್ನೊಂದು ಸಲ, ನಿಮಗೆ ಬಂದ ಹಾಗೇ ಹೇಳಿ," ಎಂದರು ಮೇಡಂ.

ಹೇಳಿದೆ. ಮೇಡಂ ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಮೂಕಾದವರಿಗೆ ಏಕ್‌ದಂ ಹಾಡು ಅಂದರೆ ಹೇಗೆ ಹಾಡುತ್ತಾರೆ? ಮೊದಲು ಒಂದು ಮಾತು ಆಡಲಿ. ಇದು ನನಗೆ ಹೊಳೆದೇ ಇರಲಿಲ್ಲ."

ಪೆನ್ಸಿಲ್ ತೆಗೆದು ತಮ್ಮ ಹಾಳೆಯಲ್ಲಿ 'ಹಾ' ಹೊಡೆದುಹಾಕಿ 'ಆ' ಬರೆದರು. ಆಮೇಲೆ ಗಾಯಕರ ಕಡೆ ತಿರುಗಿ, "ಇವರನ್ನು ಕೇಳಿ ಕಲಿತುಕೊಳ್ಳಿ," ಎಂದರು.

ಹನ್ನೆರಡು ಮಂದಿಯೂ ನನ್ನ ಬಾಯಿ ನೋಡುತ್ತ ನಿಂತರು. ನಾನು ಹೇಳಿಕೊಟ್ಟೆ. ಅವರಲ್ಲಿ ಇಬ್ಬರು ಅಭ್ಯಾಸಬಲದಿಂದ 'ಹಾಡು' ಎಂದುಬಿಟ್ಟರು. ಮೇಡಂ ಮೃದಂಗ ನಿಲ್ಲಿಸಿ ಅವರನ್ನು ತಿದ್ದಿದರು.