ಗಾಡಿಯ ಟಾಕಿಗೆ ಹಾಕಿದ ಎರಡು ತಂಬಿಗೆ ನೀರು

ಮಂಗಳವಾರ ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಅಥಣಿಯಿಂದ ಫೋನ್ ಬಂತು, ನಮ್ಮ ಗಾಡಿ ಕೊಳ್ಳುವವರದು. ಕೈತುಂಬ ಹಿಟ್ಟು, ಸ್ಪೀಕರ್ ಹಾಕಿದೆ.

"ಅಕ್ಕಾರ, ನಿಮ್ಮ ಗಾಡ್ಯಾಗಿನ ಕಟ್ಟಿ ಮ್ಯಾಲ ವಡಾ ಕರಿಯೋ ದೊಡ್ಡ ಕಡಾಯಿ ಕೂಡತೈತೇನ್ರಿ?"

ಆ ಕಟ್ಟೆಯ ಮೇಲೆ ನನ್ನ ದೇವರ ಜಗಲಿ ಐತಿ. ಕೂಡುತ್ತದೆ ಅಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ. (ಬರುವುದಿಲ್ಲ ಅಂತ ತಿಳಿದಿದ್ದೆ. ಮುಂದೆ ಓದಿರಿ.)

ಯಾವ ಗಾಡಿ ಅಂತ ನಿಪ್ಪಾಣಿಯವರಿಗೆ ಹೇಳಬೇಕಿಲ್ಲ. ನಮ್ಮ ಅಂಗಳದಲ್ಲಿ ನಿಂತ ಹಳದಿ ಮಿನಿಬಸ್. ನಮ್ಮ ಮನೆಯವರು ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ರಿಟೈರ್ ಆದ ಮೇಲೆ ಹಳೇ ಶಾಲೆ ಬಸ್ ತಂದು, ವರ್ಷಗಟ್ಟಲೆ ಅದರ ಹೊಟ್ಟೆಯೊಳಗೇ ಇದ್ದು, ಅದನ್ನು ಮನೆ ಮಾಡಿದರು. ಎರಡು ಹಾಸಿಗೆ, ಅಡುಗೆ ಕಟ್ಟೆ, ಸೀಟಿನ ಕೆಳಗೆ ನೀರಿನ ಟಾಕಿ, ಪಂಪು, ನಲ್ಲಿ. ಡೀಸೆಲ್ ಮೇಲೆ ನಡೆಯುವ ಹೀಟರ್. ಮೊದಲ ಸಲ ನಲ್ಲಿ ತಿರುವಿ ನೀರು ಬಂದಾಗ ನನ್ನ ಕಡೆ ಒಂದು ನೋಟ ನೋಡಿದರು. ಲಗ್ನದಾಗೂ ಹಂಗ ನೋಡಿರಲಿಲ್ಲ.

ಒಂದೂವರೆ ತಿಂಗಳ ಹಿಂದೆ ಅದರಲ್ಲಿ ಊಖೀಮಠಕ್ಕೆ ಹೋದೆವು. ಹಿಮ ಬೀಳತೊಡಗಿದರೆ ಕೇದಾರದ ಸ್ವಾಮಿ ಕೆಳಗಿಳಿದು ಬಂದು ಕೂಡುವ ಊರು ಅದು. ದೇವರೇ ಚಳಿಗೆ ಜಾಗ ಬದಲಿಸುತ್ತಾನೆ, ನಾವು ಅವನಿಗಿಂತ ಗಟ್ಟಿಯೇ? ಇವರು ಗಟ್ಟಿ. ದರ್ಶನ ಮುಗಿದದ್ದೇ ತಡ, ಹಿಮ ನೋಡೋಣ ಅಂತ ಇನ್ನೂ ಮೇಲಿನ ಒಂದು ಹಳ್ಳಿಗೆ ಗಾಡಿ ಹತ್ತಿಸಿದರು.

ಅಲ್ಲಿ ರಾತ್ರಿ ನೀರು ಕಲ್ಲಾಗುತ್ತದೆ. ಕಲ್ಲಾದ ನೀರು ಉಬ್ಬುತ್ತದೆ, ಪೈಪು ಒಡೆಯುತ್ತದೆ. ಅದಕ್ಕೇ ಇವರು ಸಂಜೆಯೇ ಟಾಕಿಯ ಬೂಚು ತೆಗೆದು ಖಾಲಿ ಮಾಡಿದರು. ನಲ್ಲಿ ತೆರೆದಿಟ್ಟು, ಟೈರಿಗೆ ಗಾಳಿ ಹೊಡೆಯುವ ಪಂಪಿನಿಂದ ಪೈಪಿನೊಳಗೆ ಗಾಳಿ ಬಿಟ್ಟರು. ಕುಡಿಯಲು ಒಂದು ಕ್ಯಾನ್ ನೀರು ಹಾಸಿಗೆಯ ಪಕ್ಕ ಇಟ್ಟುಕೊಂಡೆವು. ಕೈ ಒರೆಸಿಕೊಳ್ಳುತ್ತ ಅಂದರು, "ಒಂದ ಹನಿ ಉಳದಿಲ್ಲ ನೋಡ."

ಒಂದು ಹನಿಯೂ ಇಲ್ಲ. ಅದೂ ದೀಪ ಹಚ್ಚುವ ಹೊತ್ತಿಗೆ.

ನಮ್ಮ ಅತ್ತೆ ಬೇಡಕಿಹಾಳದವರು. ನಾನು ಹೊಸ್ತಿಲು ದಾಟಿ ಬಂದ ದಿನವೇ ಹೇಳಿಕೊಟ್ಟಿದ್ದರು, ದೀಪದ ಹೊತ್ತಿಗೆ ಮನೆಯ ಕೊಡ ಬರಿದಾಗಿರಬಾರದು ಅಂತ. ಜ್ವರ ಬಂದು ಮಲಗಿದಾಗಲೂ ಎದ್ದು ಕೊಡ ನೋಡಿ ಮಲಗಿದವಳು ನಾನು. ಕ್ಯಾನ್ ತುಂಬಿತ್ತಲ್ಲ ಅನ್ನುತ್ತೀರಾ? ಕ್ಯಾನ್ ಪೇಟೆಯದು. ಗಾಡಿ ನಮ್ಮ ಮನೆ ಅಂದ ಮೇಲೆ ಟಾಕಿಯೇ ಅದರ ಕೊಡ.

ಇವರು ಹೊರಗೆ ಗಾಲಿಗೆ ಕಲ್ಲು ಕೊಡುತ್ತಿದ್ದರು. ನಾನು ಬೂಚು ಹಾಕಿ, ನಲ್ಲಿ ಮುಚ್ಚಿ, ಕ್ಯಾನಿನಿಂದ ಟಾಕಿಗೆ ಎರಡು ತಂಬಿಗೆ ನೀರು ಹೊಯ್ದೆ. ದೀಪ ಹಚ್ಚಿದೆ. ಮನಸ್ಸು ತಣ್ಣಗಾಯಿತು.

(ಮುಂಜಾನೆ ಉಳಿದದ್ದೆಲ್ಲ ತಣ್ಣಗಾಯಿತು.)

ಆ ಎರಡು ತಂಬಿಗೆ ಪೈಪಿಗಿಳಿದು, ಕಲ್ಲಾಗಿ, ಒಂದು ಮೂಲೆಯಲ್ಲಿ ಸೀಳಿತ್ತು. ಬೆಳಗ್ಗೆ ಹೀಟರ್ ಹಚ್ಚಿದಾಗ ಬಿಸಿಗೆ ಕರಗಿ, ಅದೇ ಸೀಟಿನ ಕೆಳಗಿದ್ದ ಹೀಟರಿನ ವೈರಿನ ಡಬ್ಬಿಯ ಮೇಲೆ ಸೋರಿತು. ಹೀಟರ್ ಟಕ್ ಅಂತು, ನಿಂತಿತು. ಇವರು ಕೆಳಗೆ ಕೈ ಹಾಕಿ, ಒದ್ದೆಯಾದ ಕೈಯನ್ನು ಬಹಳ ಹೊತ್ತು ನೋಡಿದರು.

"ನೀರು ಉಳದಿತ್ತ" ಅಂದರು.

ಬೂಚು ಹಾಕಿದ್ದನ್ನೂ, ನಲ್ಲಿ ಮುಚ್ಚಿದ್ದನ್ನೂ ಕಂಡರು. ಅದೂ ತಮ್ಮ ಮರೆವೇ ಅಂದುಕೊಂಡರು. ನಾನು ಆಗಲೇ ಹೇಳಬೇಕಿತ್ತು. ಹಾಸಿಗೆ ಮಡಚುತ್ತ ಕೂತೆ.

ಹೊಸ ಡಬ್ಬಿ ತರಲು ಒಂದು ಜೀಪು ಹತ್ತಿ ಕೆಳಗಿನ ಪೇಟೆಗೆ ಹೋದರು. ಹೋಗುವಾಗ ಹೇಳಿದ್ದು ಇಷ್ಟೇ: "ಒಳಗ ಇದ್ದಲಿ ಶೇಗಡಿ ಹಚ್ಚಬ್ಯಾಡ, ಗ್ಯಾಸ್ ಉರಿಸಿಟ್ಟು ಕೂಡಬ್ಯಾಡ. ಆ ವಿಷಗಾಳಿ ಕಣ್ಣಿಗೆ ಕಾಣಂಗಿಲ್ಲ, ಜೀವಾ ತಗೀತೈತಿ."

ಮರುದಿನ ಮಧ್ಯಾಹ್ನದ ತನಕ ನಾನೊಬ್ಬಳೇ. ಫೋನಿಗೆ ಸಿಗ್ನಲ್ ಇಲ್ಲ. ನನ್ನ ಮಾತು ತಿಳಿಯುವ ಒಂದು ನರಪಿಳ್ಳೆ ಇಲ್ಲ. ಬಾಯಿ ತೆರೆದರೆ ಉಸಿರು ಹೊಗೆಯಾಗಿ ಹೋಗುತ್ತಿತ್ತು. ಅತ್ತೆಯ ಹಳೇ ಸೀರೆಗಳ ಕೌದಿ ಹೊದ್ದು, ಸ್ವಾಮಿ ಕೊಟ್ಟದ್ದನ್ನು ಒಂದೊಂದೇ ನೆನೆಸಿದೆ. ಕೌದಿ ಒಣಗಿತ್ತು. ಗಾಡಿಯ ಬಾಗಿಲು ಸರಿಯಾಗಿ ಮುಚ್ಚುತ್ತಿತ್ತು. ಎದುರಿನ ಚಹಾದಂಗಡಿ ಮುದುಕಿ ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿಸಿ ಕೊಟ್ಟಿದ್ದಳು, ಕಾಲ ಬೆರಳಿಗೆ ಜೀವ ಬಂತು.

ಆ ಮುದುಕಿಗೆ ಎಲ್ಲ ಹೇಳಿದೆ. ನನ್ನ ಹರಕು ಹಿಂದಿಯಲ್ಲಿ. ಅವಳು ಕೆಮ್ಮು ಬರುವಷ್ಟು ನಕ್ಕಳು. ಅವರಲ್ಲಿ ಚಳಿಗಾಲಕ್ಕೆ ಸಂಜೆ ಕೊಡ ಬೋರಲು ಹಾಕದಿದ್ದರೆ ಅತ್ತೆ ಬಯ್ಯುತ್ತಾಳಂತೆ, ತುಂಬಿದ ಕೊಡ ಬೆಳಗಾಗುವುದರೊಳಗೆ ಒಡೆಯುತ್ತದಂತೆ. ಅತ್ತೆಯರು ಅಲ್ಲೂ ಇದ್ದಾರೆ ಅಂತ ನನಗೂ ನಗು ಬಂತು. ಆಮೇಲೆ ಗಾಡಿಗೆ ಬಂದೆ, ಅಳು ಬಂತು. ಗುರುತಿಲ್ಲದವಳಿಗೆ ಬಾರದ ಭಾಷೆಯಲ್ಲಿ ಹೇಳಿದೆ. ಮೂವತ್ತೆರಡು ವರ್ಷ ಎದುರಿಗೆ ಕೂತು ಉಂಡವರಿಗೆ ಕನ್ನಡದಲ್ಲಿ ಹೇಳಲು ಏನು ಧಾಡಿ?

ಇವರು ಬಂದರು. ಹೊಸ ಡಬ್ಬಿ ಕೂಡಿಸಿದರು. ಗಾಡಿ ಬೆಚ್ಚಗಾಯಿತು. ಆದರೆ ನಿಪ್ಪಾಣಿ ಮುಟ್ಟುವ ತನಕ ಇವರು ಆಡಿದ ಮಾತು ಬೆರಳೆಣಿಕೆಯಷ್ಟು. ಕೊನೆಯದು ಇದು: "ಕೈ ಸುಳ್ಳಾತು. ಗಾಡಿ ಮಾರಿಬಿಡೂಣು."

ಅಂದಿನಿಂದ ಇವರು ಪಾನಾ, ಸ್ಕ್ರೂಡ್ರೈವರ್ ಮುಟ್ಟಿಲ್ಲ. ಕೆಟ್ಟ ಮಿಕ್ಸರನ್ನು ಅಂಗಡಿಗೆ ಕೊಟ್ಟು ಬಂದರು. ಡಿಪೋದ ಹುಡುಗರು ಫೋನ್ ಮಾಡಿ ಏನಾದರೂ ಕೇಳಿದರೆ, ನನಗೀಗ ತಿಳಿಯಂಗಿಲ್ಲಪಾ ಅನ್ನುತ್ತಾರೆ. ಸಂಜೆ ನಾನು ಕೊಡ ತುಂಬಿಸಿ ದೀಪ ಹಚ್ಚುತ್ತೇನೆ, ಅವರು ಅಂಗಳದಲ್ಲಿ ಗಾಡಿಗೆ ಬೆನ್ನು ಮಾಡಿ ಕೂತಿರುತ್ತಾರೆ. ಇಬ್ಬರೂ ಮನೆಯಲ್ಲೇ ಇದ್ದೇವೆ. ಆ ಹಳ್ಳಿಯಲ್ಲಿ ಒಬ್ಬಳೇ ಇದ್ದಾಗ ಇಷ್ಟು ಚಳಿ ಹತ್ತಿರಲಿಲ್ಲ.

ಒಂದು ಮಾತು ಆಡದೆ ಉಳಿದರೆ ಮನೆಯಲ್ಲಿ ಏನೇನು ಸೀಳುತ್ತದೆ, ನಿಮಗೂ ಗೊತ್ತಿರಬೇಕಲ್ಲ?

ನಾಳೆ ಸೋಮವಾರ ಅಥಣಿಯವರು ಗಾಡಿ ಒಯ್ಯಲು ಬರುತ್ತಾರೆ. ನಮ್ಮ ಮನೆಯವರು ಈ ಅಂಕಣವನ್ನು ಅಚ್ಚಾದ ಮೇಲೆಯೇ ಓದುವುದು, ಭಾನುವಾರ ಚಹಾದ ಜೊತೆ, ಮೊದಲು ನನ್ನ ತಪ್ಪು ಹುಡುಕುತ್ತ. ಈ ವಾರ ಹುಡುಕುವುದು ಬ್ಯಾಡ, ನಾನೇ ತೋರಿಸುತ್ತೇನೆ.

ರೀ, ನಿಮ್ಮ ಕೈ ಸುಳ್ಳಾಗಿಲ್ಲ. ನೀವು ಒಂದು ಹನಿಯೂ ಉಳಿಸಿರಲಿಲ್ಲ. ಆ ಎರಡು ತಂಬಿಗೆ ಹಾಕಿದವಳು ನಾನು.

ಅಥಣಿಗೆ ನೀವು ಫೋನ್ ಮಾಡ್ತೀರೋ, ನಾ ಮಾಡ್ಲ್ಯೋ?