ತಾಮ್ರದ ಕೊಡದ ನೀರು

ನರಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಮೂರಡಿಯ ಗಾಜಿನ ತೊಟ್ಟಿ ಇದೆ. ಒಳಗೆ ಉಪ್ಪುನೀರು, ಹವಳ, ಎರಡು ಸಣ್ಣ ಮೀನು. ನೀರಿನ ಉಪ್ಪಿನಂಶ, ಉಷ್ಣತೆ ಎಲ್ಲವನ್ನೂ ದಿನಾ ಬೆಳಿಗ್ಗೆ ಬರೆದಿಡುತ್ತೇನೆ. ಹೋದ ಚಳಿಗಾಲದಲ್ಲಿ ಕಲ್ಲುಗಳ ಮೇಲೆ ಪಾಚಿ ಹಬ್ಬಿ ಹವಳವನ್ನೇ ಮುಚ್ಚತೊಡಗಿತು. ಬ್ರಷ್ಷಿನಿಂದ ತಿಕ್ಕಿದರೆ ವಾರದೊಳಗೆ ಮತ್ತೆ ಬರುತ್ತಿತ್ತು. ಕೊನೆಗೆ ಪಾಚಿ ತಿನ್ನಲೆಂದು ಗೋವಾದಿಂದ ಸೀ ಅರ್ಚಿನ್ ಎಂಬ ಒಂದು ಕಡಲಜೀವಿಯನ್ನು ತರಿಸಿದೆ. ನಿಂಬೆಹಣ್ಣಿನ ಗಾತ್ರ, ಮೈತುಂಬ ಗಿಡ್ಡ ಮುಳ್ಳು.

ಅದು ಬರುವುದಕ್ಕೆ ಎರಡು ತಿಂಗಳ ಮೊದಲು, ನನ್ನ ಅಣ್ಣನ ಹೆಂಡತಿಗೆ ಎಂಟು ತಿಂಗಳಿಗೇ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಆಮೇಲೆ ವೈನಿ ಮಾತು ಬಿಟ್ಟಿದ್ದರು. ಅಣ್ಣ ಕಾಳಿನ ಅಂಗಡಿಯಿಂದ ಬಂದು ಏನಾದರೂ ಕೇಳಿದರೆ ಹೂಂ, ಉಹೂಂ, ಅಷ್ಟೇ.

ಒಂದು ಸಂಜೆ ವೈನಿ ತೊಟ್ಟಿಯ ಮುಂದೆ ಕುಳಿತಿದ್ದರು. ಅರ್ಚಿನ್ ಒಂದು ಚಿಪ್ಪನ್ನು ಬೆನ್ನ ಮೇಲೆ ಹೊತ್ತು ಗಾಜನ್ನು ಹತ್ತುತ್ತಿತ್ತು.

"ತಮ್ಮಾ, ನಿನ್ನ ಮುಳ್ಳಿನ ಉಂಡಿ ನೋಡು. ಅತ್ತಿ ಬಂದ್ಲಂತ ತಲಿ ಮ್ಯಾಲ ಸೆರಗ ಹೊತ್ಕೊಂಡಾಳ."

ಅಡುಗೆಮನೆಯಿಂದ ಅವ್ವ, "ನೀನೂ ಹೊತ್ಕೊಳ್ಳಾಕ ಕಲಿ ಹಂಗಾರ" ಅಂದಳು. ವೈನಿ ನಕ್ಕರು. ಅಣ್ಣ ತಟ್ಟೆಯ ಮುಂದೆ ಕೈ ತಡೆದು ಅವರನ್ನೇ ನೋಡಿದ.

ಅಂದಿನಿಂದ ಅರ್ಚಿನ್ ಅವರದಾಯಿತು. ಪಾಚಿ ಕಡಿಮೆಯಾದಾಗ ಸವತಿಕಾಯಿಯ ತೆಳ್ಳನೆ ಹೋಳನ್ನು ಕಲ್ಲಿಗೆ ಕಟ್ಟಿ ಒಳಗೆ ಬಿಡುತ್ತಿದ್ದರು. ಎಷ್ಟು ತಿಂದಿತೆಂದು ನನಗೆ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಊಟಕ್ಕೆ ಎಲ್ಲರ ಜೊತೆ ಕೂಡತೊಡಗಿದರು.

ಬೇಸಿಗೆಯಲ್ಲಿ ತೊಟ್ಟಿಯ ನೀರು ಬೇಗ ಆರುತ್ತದೆ. ಆರಿದಷ್ಟನ್ನು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದು ತುಂಬಬೇಕು. ನಾನು ಮದುವೆಯೊಂದಕ್ಕೆ ಗಜೇಂದ್ರಗಡಕ್ಕೆ ಹೋದಾಗ ಘಟಕ ಕೆಟ್ಟು ನಿಂತಿತ್ತು. ಮೂರನೆಯ ದಿನ ಮರಳಿ ಬಂದಾಗ ತೊಟ್ಟಿಯ ತಳದಲ್ಲಿ ಮುಳ್ಳುಗಳು ಉದುರಿ ಬಿದ್ದಿದ್ದವು. ಅರ್ಚಿನ್ ಅಲ್ಲಾಡಲಿಲ್ಲ.

"ಯಾವ ನೀರು ಹಾಕಿದ್ರಿ, ವೈನಿ?"

"ಕ್ಯಾನ್ ಸಿಗಲಿಲ್ಲ. ತಾಮ್ರದ ಕೊಡದಾಗಿಂದು ಹಾಕೀನಿ. ನಾವು ಕುಡಿಯೂ ನೀರು."

ನಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ನೀರಿಲ್ಲ. ಬಂದವರಿಗೂ ಅದನ್ನೇ ಕೊಡುತ್ತೇವೆ. ಆದರೆ ತಾಮ್ರ ಚೂರೇ ಚೂರು ಕರಗಿದ್ದರೂ ಅರ್ಚಿನ್‌ಗೆ ವಿಷ. ಅದು ಮುದಿಯಾಗಿತ್ತು, ಅದಕ್ಕೇ ಸತ್ತಿತು ಎಂದು ಹೇಳಿಬಿಟ್ಟೆ.

ನಾಲ್ಕು ದಿನ ಬಿಟ್ಟು ವೈನಿ ಕೇಳಿದರು. "ಇನ್ನೊಂದು ತರಸ್ತೀಯೇನು?"

ತಾಮ್ರ ಕಲ್ಲಿನೊಳಗೆ ಇಳಿದಿರುತ್ತದೆ, ಇನ್ನೊಂದು ತಂದರೆ ಅದೂ ಬದುಕುವುದು ಕಷ್ಟ. "ಈಗ ಸಿಗೂದಿಲ್ರಿ" ಅಂದೆ.

"ಸಿಗೂದಿಲ್ಲೋ, ನನ್ನ ಕೈಯಾಗ ಕೊಡಬಾರದು ಅಂತೀಯೋ? ನನ್ನ ಕೈಯಾಗ ಯಾವ್ದೂ ಉಳಿಯೂದಿಲ್ಲ, ಹೌದಲ್ಲ?"

ಹಾಗೆ ತಿಳಿಯುವುದಕ್ಕಿಂತ ಖರೇ ಹೇಳುವುದೇ ಲೇಸು ಅನಿಸಿತು. ತಾಮ್ರದ ವಿಷಯ ಹೇಳಿದೆ. ನಿಮ್ಮ ಕೈಯದಲ್ಲ, ನೀರಿನ ತಪ್ಪು ಎಂದೆ. ಅವರು ತೊಟ್ಟಿಯ ಕಡೆ ತಿರುಗಿದರು.

"ಎಷ್ಟ ಬೇಕಾಗ್ತದ ಸಾಯಾಕ?"

ಖರೇ ಅಳತೆ ಹೇಳಿದರೆ ಹೆದರಿಯಾರೆಂದು, "ಭಾಳ ಬೇಕಾಗ್ತದ್ರಿ" ಅಂದೆ.

"ಬಸರಿದ್ದಾಗ ಎಂಟು ತಿಂಗಳ ಕುಡದೀನಿ. ಭಾಳ ಆತಲ್ಲ ತಮ್ಮಾ."

ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ, ಡಾಕ್ಟರು ಬೇರೆ ಕಾರಣ ಹೇಳಿದ್ದರಲ್ಲ ಎಂದೆ.

"ದವಾಖಾನ್ಯಾಗ ನೀರಿನ ಸುದ್ದಿ ಯಾರೂ ಕೇಳಲೇ ಇಲ್ಲ" ಎನ್ನುತ್ತ ಎದ್ದು ಅಡುಗೆಮನೆಗೆ ಹೋದರು. ಕೊಡವನ್ನು ಬಚ್ಚಲಿಗೆ ಎಳೆದುಕೊಂಡು ಹೋದ ಸದ್ದಾಯಿತು. ಆಮೇಲೆ ನೀರು ಸುರಿಯುವ ಸದ್ದು.