ಇರಾಸಿ ಎಣಿಸಿದ ಹುಳುಗಳು

ಮಾತೊ ಗ್ರಾಸೊ ಪ್ರಾಂತ್ಯದಲ್ಲಿ ಗೆರೀನೊ ಯಜಮಾನನ ಜಮೀನಿನಲ್ಲಿ ಇರಾಸಿ ಹತ್ತೊಂಬತ್ತು ವರ್ಷ ಮಾಡಿದ್ದು ಹುಳು ಎಣಿಸುವ ಕೆಲಸ. ಎರಡು ಕೋಲಿಗೆ ಕಟ್ಟಿದ ಒಂದು ಮೀಟರ್ ಬಿಳಿ ಬಟ್ಟೆಯನ್ನು ಸೋಯಾ ಸಾಲುಗಳ ನಡುವೆ ಹಾಸಬೇಕು, ಗಿಡ ಬಗ್ಗಿಸಿ ಜಾಡಿಸಬೇಕು, ಬಟ್ಟೆಗೆ ಉದುರಿದ ಹುಳುಗಳನ್ನು ಲೆಕ್ಕ ಹಾಕಬೇಕು. ಇಪ್ಪತ್ತು ದಾಟಿದರೆ ಔಷಧಿ ಹೊಡೆಯುವ ವಿಮಾನ ಬರುತ್ತಿತ್ತು. ಆಗ ಅವಳ ಜೊತೆ ಇನ್ನೂ ಐವರು ಹೆಂಗಸರಿದ್ದರು.

ಆಮೇಲೆ ಹೊಸ ಬೀಜ ಬಂತು. ಎಲೆಯೊಳಗೇ ವಿಷ ಇಟ್ಟುಕೊಂಡು ಹುಟ್ಟುವ ಸೋಯಾ ಅದು. ಮನುಷ್ಯರಿಗೆ ಏನೂ ಆಗುವುದಿಲ್ಲ, ಹುಳು ಮಾತ್ರ ಎಲೆ ಕಚ್ಚಿದ ಮೂರನೇ ದಿನಕ್ಕೆ ಕಪ್ಪಾಗಿ ಮುದುಡಿ ಬೀಳುತ್ತಿತ್ತು. ಐವರನ್ನೂ ಒಂದೇ ಬೆಳಿಗ್ಗೆ ಮನೆಗೆ ಕಳಿಸಿದರು. ಇರಾಸಿಯನ್ನು ಉಳಿಸಿಕೊಂಡದ್ದಕ್ಕೆ ಕಾರಣ ಬೇರೆ ಇತ್ತು. ಹೊಲದ ಐದರಲ್ಲೊಂದು ಪಾಲಿಗೆ ಹಳೆಯ ಬೀಜವನ್ನೇ ಹಾಕಬೇಕು ಎಂದು ಬೀಜ ಕೊಟ್ಟವರ ಕರಾರು. ಅಲ್ಲಿ ಬದುಕಿದ ಹುಳುಗಳು ಹೊಸ ಬೀಜದ ಗಿಡಗಳಲ್ಲಿ ಅಪ್ಪಿತಪ್ಪಿ ಉಳಿದವುಗಳ ಜೊತೆ ಕೂಡಿದರೆ, ಹುಳದ ಸಂತಾನ ವಿಷಕ್ಕೆ ಒಗ್ಗಿಕೊಳ್ಳುವುದಿಲ್ಲವಂತೆ. ಆ ಪಾಲು ನೋಡಿಕೊಳ್ಳಲು ಒಬ್ಬರು ಇದ್ದಾರೆಂದು ಕಾಗದದಲ್ಲಿ ತೋರಿಸಬೇಕಿತ್ತು.

"ಹುಳಕ್ಕೆ ಊಟ ಹಾಕೋಕೆ ನಾನೇನು ಛತ್ರ ಇಟ್ಕೊಂಡಿದೀನಾ?" ಎಂದ ಗೆರೀನೊ. ಹಳೆಯ ಬೀಜದ ಒಂದು ಕಾಳೂ ಹೊಲಕ್ಕೆ ಬೀಳಲಿಲ್ಲ. ವರ್ಷಕ್ಕೊಮ್ಮೆ ಮೇಸ್ತ್ರಿ ಅದೆಲಾರ್ ಕಾಗದ ತಂದು ಜೀಪಿನ ಬಾನೆಟ್ ಮೇಲೆ ಇಡುತ್ತಿದ್ದ, ಇರಾಸಿ ಸಹಿ ಹಾಕುತ್ತಿದ್ದಳು. ಅದರಲ್ಲಿ ಏನು ಬರೆದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದೇನಲ್ಲ.

ಹೊಸ ಬೀಜ ಬಂದ ಐದನೇ ವರ್ಷದ ಜನವರಿಯಲ್ಲಿ ಅವಳ ಬಟ್ಟೆಗೆ ಒಂಬತ್ತು ಕೊಂಡ್ಲಿ ಹುಳುಗಳು ಬಿದ್ದವು. ಬೆನ್ನು ಬಿಲ್ಲಿನಂತೆ ಬಾಗಿಸಿ ಚುರುಕಾಗಿ ಹರಿದಾಡುತ್ತಿದ್ದವು. ಅವನ್ನು ಬಾಟಲಿಗೆ ಹಾಕಿ ಅದೇ ಸೋಯಾ ಎಲೆ ತಿನ್ನಿಸಿದಳು. ನಾಲ್ಕು ದಿನದಲ್ಲಿ ದಪ್ಪಗಾದವು. ಬಾಟಲಿ ಹಿಡಿದು ಯಂತ್ರದ ಶೆಡ್ಡಿಗೆ ಹೋದಾಗ ಆಳುಗಳೆಲ್ಲ ಕಾಫಿ ಕುಡಿಯುತ್ತಿದ್ದರು.

"ಯಜಮಾನ್ರೇ, ಹುಳ ಸಾಯ್ತಾ ಇಲ್ಲ."

ಗೆರೀನೊ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಎಲ್ಲಿಂದ ಹಿಡ್ಕೊಂಡು ಬಂದೆ? ನಿನ್ನ ಹಿತ್ತಲಿಂದಾ?"

"ಕೆಲಸ ಹೋಗುತ್ತೆ ಅಂತ ಇರಾಸಿ ಅಮ್ಮಾವ್ರು ಮನೇಲೇ ಸಾಕಿದಾರೆ!" ಎಂದ ಅದೆಲಾರ್. ಎಲ್ಲರೂ ನಕ್ಕರು. ಆ ನಗು ಕೇಳಿ ಅವನಿಗೆ ಹುರುಪು ಬಂತು. "ವಿಷ ತಿಂದ ಹುಳ ಅಲ್ವಾ, ಒಂದು ನುಂಗಿ ತೋರಿಸು ನೋಡೋಣ. ನೀನು ಬದುಕಿದ್ರೆ ನಿನ್ನ ಮಾತು ನಂಬ್ತೀವಿ."

ಗೆರೀನೊ ಬೇಡ ಎನ್ನಲಿಲ್ಲ. ಮಾತೆ ಎಂಬ ಎಲೆಯ ಕಷಾಯ ಹೀರುವ ಕೊಳವೆ ಬಾಯಲ್ಲಿಟ್ಟುಕೊಂಡೇ ನೋಡುತ್ತಾ ನಿಂತ. ಇರಾಸಿಗೆ ಐವತ್ತೊಂದು ವರ್ಷ. ಜಮೀನಿನವರು ಕೊಟ್ಟ ಮನೆ ಬಿಟ್ಟರೆ ಬೇರೆ ಸೂರಿರಲಿಲ್ಲ. ಬಾಟಲಿಗೆ ಬೆರಳು ಹಾಕಿ ಒಂದನ್ನು ತೆಗೆದಳು. ಅದು ನಾಲಿಗೆಯ ಮೇಲೂ ಬೆನ್ನು ಬಾಗಿಸಿತು. ನುಂಗಿದಳು. ಇಪ್ಪತ್ತು ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಳುವಿನ ಮಾತನ್ನು ಮಾತ್ರ ಯಾರೂ ನಂಬಲಿಲ್ಲ.

ಮೂರು ವಾರಕ್ಕೆ ಎಲೆಗಳು ಜರಡಿಯಾದವು. ಬೀಜ ಕೊಟ್ಟವರ ಕಡೆಯಿಂದ ಒಬ್ಬ ತನಿಖೆಗೆ ಬಂದ. ಹಳೆಯ ಬೀಜದ ಪಾಲು ಎಲ್ಲಿ ಎಂದು ಕೇಳಿದ. ಇರಾಸಿ ಇದ್ದದ್ದು ಇದ್ದ ಹಾಗೆ ಹೇಳಿದಳು: "ಹಾಕೇ ಇಲ್ಲ ಸ್ವಾಮಿ. ಎಲ್ಲಾ ಒಂದೇ ಬೀಜ."

ಗೆರೀನೊ ಐದು ಕಾಗದ ಮುಂದಿಟ್ಟ. "ಈ ಪಾಲು ಅವಳ ಜವಾಬ್ದಾರಿ. ಪ್ರತಿ ವರ್ಷ ಹಾಕಿದೀನಿ ಅಂತ ಅವಳೇ ಸಹಿ ಮಾಡಿದಾಳೆ. ನಾನು ನಂಬಿ ಕೆಟ್ಟೆ."

ತನಿಖೆಯವನು ಅವಳ ಮುಖ ನೋಡಿದ, ಸಹಿ ನೋಡಿದ, ಕೆಲಸದವಳ ತಪ್ಪು ಎಂದು ಬರೆದುಕೊಂಡು ಊಟಕ್ಕೆ ಕೂತ. ಮಧ್ಯಾಹ್ನದೊಳಗೆ ಮನೆ ಖಾಲಿ ಮಾಡಿಸಿದರು. ಒಲೆಯ ಮೇಲಿದ್ದ ಅನ್ನ, ಕಾಳಿನ ಸಾರನ್ನು ಅದೆಲಾರನೇ ನಾಯಿಗೆ ಸುರಿದ.

ಪಟ್ಟಣದ ಕೋಳಿ ಕಾರ್ಖಾನೆಯಲ್ಲಿ, ಸಾಲಾಗಿ ಸಾಗಿ ಬರುವ ಕೊಕ್ಕೆಗಳಿಗೆ ಜೀವಂತ ಕೋಳಿಗಳನ್ನು ತಲೆಕೆಳಗಾಗಿ ಸಿಕ್ಕಿಸುವ ಕೆಲಸ ಅವಳಿಗೆ ಸಿಕ್ಕಿತು. ಮೊದಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬರುಬರುತ್ತಾ ಅದೂ ನಿಂತಿತು.

ಎರಡನೇ ವರ್ಷದ ಮಳೆಗಾಲದಲ್ಲಿ ಅದೆಲಾರ್ ಅವಳ ಕೋಣೆ ಹುಡುಕಿಕೊಂಡು ಬಂದ. "ಮತ್ತೆ ಔಷಧಿ ವಿಮಾನ ಕರೆಸ್ತಿದೀವಿ, ವಾರಕ್ಕೆರಡು ದಿನ ಬಂದು ಎಣಿಸಿಕೊಡು. ಹೊಸ ಹುಡುಗೀರಿಗೆ ಹುಳಾನೂ ತಿಳಿಯಲ್ಲ, ಮಣ್ಣೂ ತಿಳಿಯಲ್ಲ. ನಿನ್ನ ಹೆಸರು ಬರೆಯೋ ಹಾಗಿಲ್ಲ, ಆ ತನಿಖೆ ಆಯ್ತಲ್ಲ. ವರದಿ ನಾನೇ ಹಾಕ್ತೀನಿ."

"ಆಗಲಿ," ಎಂದಳು ಇರಾಸಿ.

ನದಿಯ ಪಕ್ಕದ ದೊಡ್ಡ ಹೊಲದಲ್ಲಿ ಅವಳು ಬಟ್ಟೆ ಹಾಸಿ ಗಿಡ ಜಾಡಿಸಿದಳು. ಮೂವತ್ತೊಂದು ಬಿದ್ದವು. ಬದುವಿನ ಮೇಲೆ ನಿಂತಿದ್ದ ಅದೆಲಾರ್ ಕೂಗಿ ಕೇಳಿದ, "ಎಷ್ಟು?"

"ಎರಡು."

ಮುಂದಿನ ಸಲ ನಲವತ್ತು ದಾಟಿತ್ತು. ಮೂರು ಎಂದಳು. ಕೊಂಡ್ಲಿ ಹುಳು ಕೆಳಗಿನಿಂದ ಮೇಯುತ್ತಾ ಬರುತ್ತದೆ. ಜೀಪಿನಲ್ಲಿ ಕೂತು ನೋಡುವವರಿಗೆ ಹೊಲ ಹಸಿರಾಗಿಯೇ ಕಾಣುತ್ತದೆ. ಅವಳು ಬಟ್ಟೆ ಕೊಡವಿ ಹುಳುಗಳನ್ನು ಗಿಡದ ಬುಡಕ್ಕೇ ಬಿಟ್ಟು ಬಂದಳು.

ನೆತ್ತಿಯ ಎಲೆಯೂ ತೂತಾಗಿ ಎಲ್ಲರ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿ ತುಂಬಿಸಲು ಗಿಡದಲ್ಲಿ ಎಲೆಯೇ ಉಳಿದಿರಲಿಲ್ಲ. ಗೆರೀನೊಗೆ ಅದು ಹನ್ನೆರಡು ಹೊಲಗಳಲ್ಲಿ ಒಂದು. ಅವನು ಕೂಗಾಡಲೂ ಇಲ್ಲ. ಅದೆಲಾರನನ್ನು ಆ ಗಂಟೆಯೇ ಹೊರಹಾಕಿದ. ಆ ಹೊಲದಲ್ಲಿ ಕೊಯ್ಲಿಗೆ ಗೊತ್ತು ಮಾಡಿದ್ದ ಏಳು ಜನರನ್ನೂ ಬೇಡ ಎಂದ.

ಅದೆಲಾರ್ ಕಾರ್ಖಾನೆಯ ಗೇಟಿಗೆ ಓಡಿ ಬಂದ. "ಇರಾಸಿ, ನೀನು ಹೇಳಿದ ಲೆಕ್ಕಾನೇ ನಾನು ಬರೆದೆ ಅಂತ ಯಜಮಾನರಿಗೆ ಒಂದು ಮಾತು ಹೇಳು. ನಿನ್ನ ಕಾಲಿಗೆ ಬೀಳ್ತೀನಿ. ನಾಳೆ ಮನೆ ಖಾಲಿ ಮಾಡಬೇಕು, ಹೆಂಡತಿಗೆ ದಿನ ತುಂಬಿದೆ."

"ನಾನಾ? ನಾನು ಆ ಜಮೀನಿನಲ್ಲಿ ಕೆಲಸಕ್ಕೇ ಇಲ್ಲವಲ್ಲ ಅದೆಲಾರ್. ಯಾವ ಕಾಗದದಲ್ಲಿದೆ ನನ್ನ ಹೆಸರು?"

ಅವನು ನಿಜಕ್ಕೂ ಮಂಡಿಯೂರಿದ. ಪಾಳಿಗೆ ಹೋಗುತ್ತಿದ್ದ ಹೆಂಗಸರು ನಿಂತು ನೋಡಿದರು. ಏಳು ಜನ ಕೊಯ್ಲಿನವರು ಯಾರು, ಅವರಿಗೆಷ್ಟು ಮಕ್ಕಳು ಎಂಬುದು ಇರಾಸಿಗೆ ಗೊತ್ತಿತ್ತು. ಇಬ್ಬರು ಅವಳ ಬೀದಿಯವರೇ. ಎದೆಯಲ್ಲಿ ಏನಾದರೂ ಚುರ್ ಎನ್ನುತ್ತದೆಯೋ ಎಂದು ಒಂದು ಕ್ಷಣ ಕಾದಳು. ಏನೂ ಅನಿಸಲಿಲ್ಲ. ಸೈರನ್ ಕೂಗಿತು. ರಬ್ಬರ್ ಕೈಗವಸು ಎಳೆದುಕೊಳ್ಳುತ್ತಾ ಅವಳು ಒಳಗೆ ಹೋದಳು.